ಮುತ್ತಮ್ಮನ ಮನೆಯ ರೇಡಿಯೋ

ತಲೆಗೆ ಎಣ್ಣೆ ಹಚ್ಚಿ, ಒಗೆದ ಪಂಚೆ ಉಟ್ಟು, ಸಂಜೀವಪ್ಪ ಇವತ್ತೂ ಹೊರಟ. ಕಾರ್ಖಾನೆಗೆ ಹೋಗುವ ಗಂಡಸು ಯಾರಾದರೂ ಇಷ್ಟು ನೀಟಾಗಿ ತಲೆ ಬಾಚುತ್ತಾನೆಯೇ? ಅಕ್ಕಯಮ್ಮನ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

"ಎಲ್ಲಿಗೆ?" ಎಂದು ಒಲೆಯ ಮುಂದಿನಿಂದಲೇ ಕೇಳಿದಳು. ಗಂಡ ತಿರುಗಿಯೂ ನೋಡದೆ ಚಪ್ಪಲಿ ಮೆಟ್ಟಿಕೊಂಡ. ಅವಳು ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತು ಮತ್ತೆ ಕೇಳಿದ ಮೇಲೆಯೇ ಅವನ ಬಾಯಿಂದ ಮಾತು ಹೊರಟದ್ದು.

"ರೇಡಿಯೋ ಕೇಳ್ಕೊಂಡು ಹಂಗೇ ಕೆಲಸಕ್ಕೆ ಹೋಗ್ತೀನಿ ಕಣೇ."

"ಹೋಟ್ಲಲ್ಲಿ ರೇಡಿಯೋ ಇಲ್ವಾ? ಅವಳ ಮನೇದೇ ಆಗ್ಬೇಕಾ?"

"ಅಲ್ಲಿ ಚೆನ್ನಾಗಿ ಅರ್ಥ ಆಗುತ್ತೆ," ಎಂದು ಪಕ್ಕಕ್ಕೆ ಸರಿದು ಹೋಗಿಯೇಬಿಟ್ಟ.

ಅರ್ಥ ಆಗುತ್ತಂತೆ, ಅರ್ಥ! ವಿಜಯಪುರದ ಹೋಟೆಲುಗಳಲ್ಲಿ, ಪುರಸಭೆಯ ಕಟ್ಟೆಯಲ್ಲಿ ಬೆಳಿಗ್ಗೆಯಾದರೆ ರೇಡಿಯೋ ಊರಿಗೆಲ್ಲ ಕೇಳುವಂತೆ ಅರಚುತ್ತದೆ. ಇವನಿಗೆ ಮಾತ್ರ ಹಿಂದಿನ ಬೀದಿಯ ಮುತ್ತಮ್ಮನ ನಡುಮನೆಯೇ ಬೇಕು. ಮುತ್ತಮ್ಮ ಗಂಡ ಸತ್ತವಳು, ಇನ್ನೂ ಮೂವತ್ತು ದಾಟದವಳು, ನೋಡಲು ಲಕ್ಷಣವಾಗಿದ್ದವಳು. ಅವಳ ತಾಯಿ ಹುಟ್ಟುಮೂಗಿ. ಹಾಗಾಗಿ ಚಿಕ್ಕಂದಿನಿಂದ ಕಣ್ಣಲ್ಲಿ, ತುಟಿಯಲ್ಲಿಯೇ ಮಾತಾಡಿ ಬೆಳೆದವಳು. ಅಂಥವಳಿಗೆ ಗಂಡಸಿನ ತಲೆ ಕೆಡಿಸುವುದು ಎಷ್ಟು ಹೊತ್ತಿನ ಕೆಲಸ ಎಂದು ಅಕ್ಕಯಮ್ಮ ಹಲ್ಲು ಕಡಿದಳು.

ನಲ್ಲಿಯ ಹತ್ತಿರ ಪಕ್ಕದ ಮನೆಯ ಆದಿಲಕ್ಷ್ಮಮ್ಮ ಬೆಂಕಿಗೆ ಇನ್ನಷ್ಟು ಗಾಳಿ ಹಾಕಿದಳು. "ಅಲ್ಲಾ ಅಕ್ಕಯ್ಯಾ, ನಿಮ್ಮೆಜಮಾನ್ರು ಅಲ್ಲಿಗೆ ಕೇಳೋಕ್ ಹೋಗ್ತಾರೋ, ನೋಡೋಕ್ ಹೋಗ್ತಾರೋ?"

ಅಕ್ಕಯಮ್ಮ ತುಂಬದ ಕೊಡವನ್ನೇ ಎತ್ತಿಕೊಂಡು ಬಂದುಬಿಟ್ಟಳು.

ಮೊದಲು ಅವನು ಹೀಗಿರಲಿಲ್ಲ. ಹಿತ್ತಲಿನಿಂದ ಒಂದು ಸಲ ಕರೆದರೆ ಓಡಿ ಬರುತ್ತಿದ್ದ. ಹಗಲೆಲ್ಲ ಮಿಷನ್ನುಗಳು ಅಬ್ಬರಿಸುವ ರೇಷ್ಮೆ ಹುರಿ ಕಾರ್ಖಾನೆ ಸೇರಿ ವರ್ಷಗಳು ಕಳೆದಂತೆ ಮಾತು ಕಡಿಮೆಯಾಯಿತು. ಈಗ ದೀಪ ಆರಿಸಿದ ಮೇಲೆ ಅವಳು ಕಷ್ಟಸುಖ ಹೇಳಿಕೊಂಡರೆ, ಹೂಂ ಎನ್ನುವುದಕ್ಕೂ ಅವನಿಗೆ ಬಾಯಿ ಬರುವುದಿಲ್ಲ.

ಕಾರ್ಖಾನೆಯಲ್ಲಿ ಮಾತ್ರ ಮಹಾರಾಯನಿಗೆ ಒಳ್ಳೆಯ ಹೆಸರು. ಮಿಷನ್ ನಿಲ್ಲಿಸು ಎಂದು ಕೂಗಿದರೂ ನಿಲ್ಲಿಸಲಿಲ್ಲವೆಂದು ಹಳಬ ಮುನಿಸ್ವಾಮಿಯನ್ನು ಮನೆಗೆ ಕಳಿಸಿದ ಮೇಲೆ, ಮಾಲೀಕ ದಿನಾ ಗೇಟಿನಲ್ಲಿ ನಿಂತು ಒಬ್ಬೊಬ್ಬರನ್ನೂ ಮಾತಾಡಿಸಿಯೇ ಒಳಗೆ ಬಿಡುತ್ತಿದ್ದ. "ಏನಪ್ಪಾ, ರೇಡಿಯೋದಲ್ಲಿ ಇವತ್ತು ಏನಂದ್ರು?" ಎಂದರೆ ಸಾಕು, ಸಂಜೀವಪ್ಪ ರೇಷ್ಮೆಗೂಡಿನ ಧಾರಣೆ, ನೀರಿನ ಗಲಾಟೆ, ಹೊಸ ಬಸ್ಸು ಎಂದು ಪಟಪಟನೆ ಒಪ್ಪಿಸುತ್ತಿದ್ದ. ಊರವರಿಗೆಲ್ಲ ಹೇಳಲು ಮಾತಿದೆ, ಕಟ್ಟಿಕೊಂಡವಳಿಗೆ ಮಾತ್ರ ಇಲ್ಲ.

ಸರಿ, ನೆಪವನ್ನೇ ಕಿತ್ತುಹಾಕೋಣ ಎಂದುಕೊಂಡಳು. ಅರಿಶಿನಕುಂಟೆಯಲ್ಲಿದ್ದ ತಮ್ಮ ವೆಂಕಟರಾಮಪ್ಪನನ್ನು ಕಾಡಿ ಬೇಡಿ ಅವನ ಟ್ರಾನ್ಸಿಸ್ಟರ್ ತರಿಸಿಕೊಂಡಳು. ಮಾರನೆಯ ಬೆಳಿಗ್ಗೆ ರಾಗಿ ರೊಟ್ಟಿಯ ಪಕ್ಕದಲ್ಲಿ ಅದನ್ನೂ ಗಂಡನ ಮುಂದಿಟ್ಟಳು.

"ಇನ್ಮೇಲೆ ಇಲ್ಲೇ ಕೇಳಿ. ಯಾರ ಮನೆ ಬಾಗ್ಲಿಗೂ ಹೋಗ್ಬೇಕಾಗಿಲ್ಲ."

ಅವನ ಮುಖ ಸಪ್ಪಗಾಯಿತು. ಆದರೂ ಕುಳಿತ. ಪ್ರದೇಶ ಸಮಾಚಾರ ಶುರುವಾಗುತ್ತಿದ್ದಂತೆಯೇ ಸ್ಟೇಷನ್ ಜಾರಿ ತಮಿಳು ಬರತೊಡಗಿತು. ಸಂಜೀವಪ್ಪ ರೊಟ್ಟಿ ಮುರಿಯುತ್ತ, ಗಂಭೀರವಾಗಿ ತಲೆಯಾಡಿಸುತ್ತ ಕುಳಿತೇ ಇದ್ದ.

"ಚೆನ್ನಾಗಿ ಹೇಳ್ತಾನೆ," ಎಂದ.

ಮನಸ್ಸು ಇಲ್ಲಿದ್ದರೆ ತಾನೇ! ದೇಹ ಇಲ್ಲಿ, ಪ್ರಾಣ ಹಿಂದಿನ ಬೀದಿಯಲ್ಲಿ. ಅಕ್ಕಯಮ್ಮ ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಟ್ರಾನ್ಸಿಸ್ಟರ್ ಮನೆಯಲ್ಲಿ ಒದರುತ್ತಿತ್ತು. ಗಂಡ ಮುತ್ತಮ್ಮನ ಮನೆಗೆ ಹೋಗಿದ್ದ.

ಇನ್ನೇನು ಸಾಕ್ಷಿ ಬೇಕು? ಅಕ್ಕಯಮ್ಮ ಬಟ್ಟೆ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಳು. ಇಬ್ಬರನ್ನೂ ಒಟ್ಟಿಗೇ ಹಿಡಿಯುವುದು, ಬೀದಿಯವರ ಮುಂದೆ ಮಾನ ಕಳೆಯುವುದು, ಸಿಕ್ಕಿದ ಬಸ್ಸು ಹತ್ತಿ ತವರಿಗೆ ಹೋಗಿಬಿಡುವುದು. ಇಂಥ ಸಂಸಾರ ಇದ್ದರೆಷ್ಟು, ಬಿಟ್ಟರೆಷ್ಟು ಎಂದು ಗೊಣಗುತ್ತ, ಚಪ್ಪಲಿಯನ್ನೂ ಮೆಟ್ಟದೆ ನಡೆದಳು.

ಮುತ್ತಮ್ಮನ ಮನೆಯ ಬಾಗಿಲು ತೆರೆದೇ ಇತ್ತು. ಅಷ್ಟು ಧೈರ್ಯ! ಹೊಸಲಿನ ಪಕ್ಕದ ಗೋಡೆಗೂಡಿನಲ್ಲಿ ರೇಡಿಯೋ ಸಣ್ಣಗೆ ಸುದ್ದಿ ಓದುತ್ತಿತ್ತು. ಅದಕ್ಕೆ ಬೆನ್ನು ಹಾಕಿ ಸಂಜೀವಪ್ಪ ಚಾಪೆಯ ಮೇಲೆ ಕುಳಿತಿದ್ದ. ಎದುರಿಗೆ ಮುತ್ತಮ್ಮ. ಅವಳ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು. ಇವನೋ, ರೆಪ್ಪೆ ಮಿಟುಕಿಸದೆ ಆ ತುಟಿಗಳನ್ನೇ ನೋಡುತ್ತಿದ್ದ. ತನ್ನ ಮುಖವನ್ನು ಅವನು ಹೀಗೆ ಆಸೆಯಿಂದ ನೋಡಿ ಎಷ್ಟು ಕಾಲವಾಯಿತು?

"ಥೂ, ನಿಮ್ ಜನ್ಮಕ್ಕಿಷ್ಟು ಬೆಂಕಿ ಹಾಕ!" ಎಂದು ಹೊಸಲಲ್ಲೇ ನಿಂತು ಕಿರುಚಿದಳು.

ಮುತ್ತಮ್ಮನ ತುಟಿಗಳು ಅಲ್ಲೇ ನಿಂತುಬಿಟ್ಟವು. ಗಂಡ ಮಾತ್ರ ತಿರುಗಲಿಲ್ಲ. ಎಷ್ಟು ಕೊಬ್ಬು ನೋಡಿ! ಕಟ್ಟಿಕೊಂಡವಳು ಬೆನ್ನ ಹಿಂದೆ ನಿಂತು ಬೊಬ್ಬೆ ಹೊಡೆದರೂ ಕಣ್ಣು ಅತ್ತಲೇ.

"ರೇಡಿಯೋ ಕೇಳೋಕ್ ಬಂದಿದ್ದೀಯಲ್ಲಾ, ಕೇಳು! ಕಿವಿ ತುಂಬಾ ಕೇಳು!"

ಗೂಡಿಗೆ ಕೈ ಚಾಚಿ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದಳು. ಕುಡಿಯುವ ನೀರಿನ ಸುದ್ದಿ ಬೀದಿಗೆಲ್ಲ ಅಪ್ಪಳಿಸಿತು. ಹೆಂಚಿನ ಮೇಲಿದ್ದ ಕಾಗೆಗಳು ಎದ್ದು ಹಾರಿದವು. ಎದುರು ಮನೆಯವರು ಏನಾಯಿತೆಂದು ಹೊರಗೆ ಬಂದರು.

ಸಂಜೀವಪ್ಪ ಮುತ್ತಮ್ಮನ ಬಾಯನ್ನೇ ನೋಡುತ್ತ ಕೇಳಿದ: "ಯಾಕಮ್ಮ ನಿಲ್ಲಿಸ್ಬಿಟ್ಟೆ? ಆಮೇಲೆ ಏನಂದ್ರು?"