ಬೆನ್ನು ಮಾತ್ರ ಕಂಡ ವಿಡಿಯೋ

"ಇದನ್ ಹಾಕ್ದವ್ರ್ ಯಾರ್?" ಭೋಜರಾಜ ಮೊಬೈಲನ್ನು ತಮ್ಮನ ವಿಧವೆ ಸುರಕ್ಷಾಳ ಮುಖಕ್ಕೆ ಹಿಡಿದ.

ಫೇಸ್‌ಬುಕ್ಕಿನಲ್ಲಿ ಹರಿದಾಡುತ್ತಿದ್ದ ವಿಡಿಯೋ. ಉಪ್ಪುಂದದ ಇದೇ ಮನೆ, ಅವನ ದೊಡ್ಡ ಮಗಳ ಸೀಮಂತ. ಜಗಲಿಯ ಬೆಳಕಿನಲ್ಲಿ ನಿಂತ ಅವನ ತಾಯಿ ಅಮ್ಮಣಿ, ಬಳೆ ಹಿಡಿದು ಬಂದ ಸೊಸೆಯ ಮೇಲೆ ಅಬ್ಬರಿಸುತ್ತಾಳೆ: "ಮುಂಡಿ ಕೈಯಗೆ ಬಳಿ ತೊಡ್ಸುದಾ? ಅತ್ಲಾಗ್ ಹೋಗ್!"

ಸೊಸೆಯ ಮೋರೆ ಕಾಣುವುದಿಲ್ಲ, ಬೆನ್ನು ಮಾತ್ರ. ಆ ಬೆನ್ನು ಸುರಕ್ಷಾಳದು.

"ನಂಗೊತ್ತಿಲ್ಲ ಬಾವ."

"ನಿನ್ ಮೋರಿ ಒಂದ್ ಬಿಟ್ ಎಲ್ರ್ ಮೋರಿಯೂ ಬಂದಿತ್. ಓದ್ದವ್ಳ್ ಅಲ್ದಾ! ಯಾರ್ ಹತ್ರವೋ ನೀನೇ ಮಾಡ್ಸಿದ್ದಿ."

ಸೀಮಂತ ಮುಗಿದ ಕೂಡಲೇ ಅವಳನ್ನು ಕೋಡಿಯ ತವರಿಗೆ ಬಿಟ್ಟು ಬರುವುದೆಂದು ಅವನು ಮೊದಲೇ ತೀರ್ಮಾನಿಸಿದ್ದ. ತವರಿಗೆ ಬೀಗ, ಇದ್ದೊಬ್ಬ ಅಣ್ಣ ಮುಂಬಯಿ ಸೇರಿದ್ದ. ಈ ಮನೆಯಲ್ಲಿ ಭೋಜರಾಜನ ಮಾತಿಗೆ ಎದುರಿಲ್ಲ. ಅವನು ಹಾಗೆಂದ ದಿನ ಅಮ್ಮಣಿಯೂ ತುಟಿ ಬಿಚ್ಚಿರಲಿಲ್ಲ.

ಅದನ್ನಾದರೂ ಸುರಕ್ಷಾ ಮರೆಯುತ್ತಿದ್ದಳೇನೋ. ಆದರೆ ಸೀಮಂತದ ದಿನ "ಬಳಿ ತಕಂಡ್ ಬಾ ಮಗಾ" ಎಂದು ಕರೆದವಳು ಅತ್ತೆಯೇ. ಮೀನು ಮಾರುವ ದನಿಯನ್ನು ಮಾರ್ಕೆಟ್ಟಿನಲ್ಲೇ ಬಿಟ್ಟು ಬರುತ್ತಿದ್ದವಳು, ಅಂದು ಅದನ್ನು ಮನೆಯೊಳಗೆ ತಂದಿದ್ದಳು.

ಅದಕ್ಕೇ ಸುರಕ್ಷಾ ವಿಡಿಯೋದ ಕೆಳಗಿನ ಬೈಗುಳಗಳನ್ನು ಒಂದೂ ಬಿಡದೆ ಓದಿದಳು. ‘ಈ ಮುದುಕಿಯನ್ನು ಸಮುದ್ರಕ್ಕೆ ಎಸೆಯಿರಿ’ ಎಂಬುದಕ್ಕೆ ಲೈಕ್ ಒತ್ತಿದಳು.

ಅಮ್ಮಣಿಯ ಬುಟ್ಟಿಯ ಬಂಗುಡೆ ಮಾರಾಟವಾಗದೆ ವಾಪಸು ಬರತೊಡಗಿತು. ಹುಡುಗರು ‘ಬಳೆ ಅಜ್ಜಿ’ ಎಂದು ಕೂಗಿದರು. ಪಕ್ಕದ ಮನೆಯ ಪುಷ್ಪ ಮದುವೆಗೆ ಕರೆಯಲು ಬಂದವಳು, ಯಾರ ಕೈಯಲ್ಲಿ ಫೋನಿದೆ ಎಂದು ನೋಡಿಕೊಂಡು, ಮೊದಲ ಕುಂಕುಮವನ್ನು ಸುರಕ್ಷಾಳಿಗೇ ಕೊಟ್ಟಳು. ಗೇಟು ದಾಟಿದ ಮೇಲೆ ಬಟ್ಟಲನ್ನು ಸೆರಗಿನಿಂದ ಒರೆಸಿದಳು.

ಭೋಜರಾಜ ಹಲ್ಲು ಕಚ್ಚಿದ. "ಈಗ ಇವ್ಳನ್ ಕಳ್ಸ್ರೆ ಊರೇ ಮೋರಿಗ್ ಉಗಿತ್ತ್. ಇಲ್ಲೇ ಬಿದ್ದಿರ್ಲಿ."

ಆ ಮಧ್ಯಾಹ್ನ ಅಮ್ಮಣಿ ಎರಡನೇ ಸಲ ಅನ್ನ ಬಡಿಸಿಕೊಂಡು ಉಂಡಳು. ಸುರಕ್ಷಾಳಿಗೆ ಮೈ ಉರಿಯಿತು. ಇಷ್ಟಾದರೂ ಗಂಟಲಲ್ಲಿ ತುತ್ತು ಇಳಿಯುತ್ತದಲ್ಲ!

ವಿಡಿಯೋವನ್ನು ಮತ್ತೆ ನೋಡಿದಳು. ತೆಗೆದದ್ದು ಹೂವಿನ ಬುಟ್ಟಿಯ ಪಕ್ಕದಿಂದ. ಅಲ್ಲಿ ಕೂತಿದ್ದವಳು ಭೋಜರಾಜನ ಕಿರಿಮಗಳು ನವ್ಯಾ.

"ಫೋನ್ ಕೊಡ್."

"ಬ್ಯಾಡ ಚಿಕ್ಕಿ..." ನವ್ಯಾ ಫೋನನ್ನು ಬೆನ್ನ ಹಿಂದೆ ಅಡಗಿಸಿದಳು. "ಯಾರಿಗೂ ತೋರ್ಸುದಿಲ್ಲ ಅಂದ್ ಆಣಿ ಹಾಕಿದ್ದೆ."

ಸುರಕ್ಷಾ ಕಿತ್ತುಕೊಂಡಳು. ಕತ್ತರಿಸದ ವಿಡಿಯೋ ಅದರಲ್ಲಿತ್ತು. ಬೈಗುಳಕ್ಕೆ ಮೊದಲು ಅಮ್ಮಣಿ ಸೆರಗು ಸರಿಮಾಡಿಕೊಂಡು, ಬೆಳಕಿಗೆ ಸರಿದು, ನೇರ ಕ್ಯಾಮೆರಾದತ್ತ ಬಗ್ಗಿ ಪಿಸುಗುಟ್ಟುತ್ತಿದ್ದಳು:

"ನನ್ ಮೋರಿ ಸಮಾ ಬತ್ತಾ ಕಾಣ್ ಮಗಾ. ಅವ್ಳ್ ಮೋರಿ ಮಾತ್ರ ಬಪ್ಪುಕ್ ಆಗ."