ತೆಳುವಾದ ಗಡಿಗೆ

ಅವ್ವ ತೀರಿಕೊಂಡು ಹದಿಮೂರು ದಿನವಾಯಿತು. ಅವಳ ಬಗ್ಗೆ ನಾಲ್ಕು ಸಾಲು ಬರೆಯಲು ಕುಳಿತರೆ ಸದ್ದಿಲ್ಲದ ಈ ಮಧ್ಯಾಹ್ನದಲ್ಲಿ ಪೆನ್ನು ಓಡುತ್ತಿಲ್ಲ, ಅವಳು ಗಡಿಗೆ ತಟ್ಟುತ್ತಿದ್ದ ಹಲಗೆ ಮೇಜಿನ ಮೇಲೆ ಸುಮ್ಮನೆ ಬಿದ್ದಿದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಖಾನಾಪುರದಲ್ಲಿದ್ದೆವು. ನಾನು ಏಳನೆಯ ಇಯತ್ತೆಯಲ್ಲಿದ್ದೆ. ಬೆಳಗಾವಿಯ ಹಾಸ್ಟೆಲಿನಲ್ಲಿ ಜಾಗ ಸಿಗಬೇಕಾದರೆ ಮರುದಿನ ಒಂದು ಪ್ರಬಂಧ ಕೊಡಬೇಕಿತ್ತು. ಆ ಸಂಜೆ ಅವ್ವ ಪಡಸಾಲೆಯಲ್ಲಿ ಹಸಿ ಗಡಿಗೆಯೊಳಗೆ ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟುತ್ತಿದ್ದಳು. ಆ ಸದ್ದಿನ ಜೊತೆ ನಾನು ವಹಿಯಲ್ಲಿ ಬರೆಯುತ್ತಿದ್ದೆ. ಕೊನೆಯ ಗಡಿಗೆ ಮುಗಿದು ತಟ್ಟುವುದು ನಿಂತಾಗ ನನ್ನ ಕೈಯೂ ನಿಂತಿತು.

"ಯಾಕ ನಿಲ್ಲಿಸ್ದಿ?" ಅಂದಳು ಅವ್ವ.

"ನೀ ನಿಲ್ಲಿಸ್ದಿ, ಅದಕ್ಕ."

ಅವಳು ಕೊನೆಯ ಗಡಿಗೆಯನ್ನೇ ಮತ್ತೆ ಮಡಿಲಿಗೆ ಎಳೆದುಕೊಂಡು ತಟ್ಟತೊಡಗಿದಳು. ನನಗೆ ಎರಡು ಪುಟ ತುಂಬಿದವು. ಅಜ್ಜಿ ಬಂದು ಇಣುಕಿದಳು.

"ಅದು ಆಗೇತಲ್ಲ? ಇನ್ನ ಬಡದ್ರ ಹಪ್ಪಳ ಆಕ್ಕೈತಿ."

"ಅಕೀದು ಇನ್ನೂ ಆಗಿಲ್ರಿ ಅತ್ತಿ," ಅಂದಳು ಅವ್ವ, ತಲೆ ಎತ್ತದೆ.

ಸುಡುವಾಗ ಆವಿಗೆಯಲ್ಲಿ ಅದೊಂದೇ ಗಡಿಗೆ ಒಡೆಯಿತು. ಹಾಸ್ಟೆಲಿನಿಂದ ಮೊದಲ ಸಲ ರಜೆಗೆ ಬಂದಾಗ ಅದರ ಅರ್ಧ ಅಂಗಳದಲ್ಲಿತ್ತು.

"ಕೋಳಿಗೆ ನೀರಿಡಾಕ ಬರತೈತಿ," ಅಂದಳು ಅವ್ವ.

ಒಡೆದ ಅಂಚನ್ನು ಮುಟ್ಟಿ ನೋಡಿದೆ. ನನ್ನ ವಹಿಯ ರಟ್ಟಿನಷ್ಟೇ ದಪ್ಪವಿತ್ತು.