ವಾಲಿದ ಮೊಹರು

ಜಪಾನಿನ ವೃತ್ತಿ ಲೀಗಿಗೆ ಸೇರಿ ನಾಲ್ಕೇ ವರ್ಷಕ್ಕೆ ಮಗನ ಬೇಸ್‌ಬಾಲ್ ಮುಗಿಯಿತು. ಅವನ ಎಡಗೈ ಎಸೆತವನ್ನು ನಂಬಿ ಸೇರಿಸಿಕೊಂಡಿದ್ದ ಕ್ಲಬ್, ಮೊಣಕೈ ಹೈಸ್ಕೂಲಿನಲ್ಲೇ ಹಾಳಾಗಿತ್ತೆಂದು ಹೇಳಿ ಅವನನ್ನು ಮನೆಗೆ ಕಳಿಸಿತು.

ತಾಯಿ ಏಪ್ರನ್ ಕೂಡ ಬಿಚ್ಚದೆ ಹೈಸ್ಕೂಲಿನ ಹಳೆಯ ಕೋಚ್ ಮನೆಗೆ ಹೋದಳು.

"ದಿನಾ ಇನ್ನೂರು ಬಾಲ್ ಎಸೆಸಿದ್ರಲ್ಲ ಮೇಷ್ಟ್ರೇ, ಅದು ಕೈಯೋ ಯಂತ್ರವೋ?"

"ನನ್ನ ಮೇಲೆ ಕೂಗಬೇಡಿ ಅಮ್ಮಾ. ಕೈ ನೋವಿಲ್ಲ ಅಂತ ದಿನಾ ಮನೆಯಿಂದ ಚೀಟಿ ತರಿಸ್ತಿದ್ದೆ. ಮೊಹರು ಒತ್ತಿ ಕಳಿಸಿದ್ದು ನೀವೇ."

"ಯಾವ ಚೀಟಿ? ನಾನು ಒಂದನ್ನೂ ಕಂಡಿಲ್ಲ."

ಕೋಚ್ ಒಳಗಿನಿಂದ ಒಂದು ಕಟ್ಟು ತಂದು ಮೇಜಿನ ಮೇಲೆ ಕುಕ್ಕಿದ. "ಇಂಥ ದಿನ ಬರುತ್ತೆ ಅಂತಾನೇ ಎತ್ತಿಟ್ಟಿದ್ದೆ."

ಸಹಿಯ ಬದಲು ಒತ್ತುವ, ಅವಳ ಮನೆಯ ಕೆಂಪು ಮೊಹರು ಪ್ರತಿ ಚೀಟಿಯಲ್ಲೂ ಇತ್ತು. ಅದು ಅಡುಗೆಮನೆಯ ಡ್ರಾಯರಿನಲ್ಲೇ ಇರುತ್ತಿತ್ತು. ಮಗ ಎಡಗೈಯಲ್ಲಿ ಒತ್ತಿದ ಮೊಹರು ಚಿಕ್ಕಂದಿನಿಂದಲೂ ಒಂದೇ ಪಕ್ಕಕ್ಕೆ ವಾಲುತ್ತಿತ್ತು. ಇಲ್ಲಿಯೂ ಹಾಗೆಯೇ ವಾಲಿತ್ತು.

"ಕಳ್ಳ! ನನಗೇ ಮೋಸ ಮಾಡಿದ್ನಾ? ಇವತ್ತು ಅವನಿಗೆ ಇದೆ," ಎಂದು ಅವಳು ಹಲ್ಲು ಕಡಿದಳು.

"ಹೋಗಿ, ಅವನನ್ನೇ ಬೈಯಿರಿ," ಎಂದ ಕೋಚ್.

ಅವಳು ಸಿಟ್ಟಿನಿಂದ ಒಂದೊಂದೇ ಚೀಟಿ ಮಗುಚುತ್ತಾ ಹೋದಳು. ಕೊನೆಯ ಒಂಬತ್ತು ಚೀಟಿಗಳಲ್ಲಿ ಮೊಹರು ಇನ್ನೊಂದು ಪಕ್ಕಕ್ಕೆ ವಾಲಿತ್ತು. ಅವನ್ನು ಮಗ ಬಲಗೈಯಲ್ಲಿ ಒತ್ತಿದ್ದ.